ಮೋಹಿತನ ಕಿವಿಗೆ ಬಂದ ಉತ್ತರಗಳು

ಜೂನ್ 9, ಸೋಮವಾರ, ಬೆಳಿಗ್ಗೆ 10

ಅಂಗಡಿ ಬಾಗಿಲು ತೆಗೆದು, ಜೆರಾಕ್ಸ್ ಮೆಷಿನ್ ಬಿಸಿಯಾಗುವಷ್ಟರಲ್ಲಿ ಮೇಲ್ ನೋಡಿದೆ. ಕಿವಿ ಮೆಷಿನ್ ಕಂಪನಿಯಿಂದ ಉತ್ತರ ಬಂದಿದೆ! “ಪ್ರಿಯ ಗ್ರಾಹಕರೇ, ನಿಮ್ಮ ಸಂದೇಶ ತಲುಪಿದೆ. ನಿಮ್ಮ ತೃಪ್ತಿಯೇ ನಮ್ಮ ಗುರಿ.” ಅಷ್ಟೇ. ಕಳಿಸಿದ ನಿಮಿಷಕ್ಕೇ ಬಂದ ಉತ್ತರ. ಓದಿದವರು ಯಾರೂ ಇಲ್ಲ.

ಮೋಹಿತನ ಕಿವಿ ಹಿಂದೆ ಸಿಕ್ಕಿಸುವ ಮೆಷಿನ್ ಶನಿವಾರದಿಂದ ಸತ್ತಿದೆ. ಆಪರೇಷನ್ ಮಾಡಿ ತಲೆಯೊಳಗೆ ಕೂರಿಸಿದ ಭಾಗಕ್ಕೆ ಶಬ್ದ ಹೋಗುವುದು ಇದರಿಂದಲೇ. ಇದಿಲ್ಲದಿದ್ದರೆ ನನ್ನ ಮಗನಿಗೆ ಏನೂ ಕೇಳಿಸದು. ನಾಲ್ಕು ತುಂಬಿದ ಮೇಲೆ ಈಗಷ್ಟೇ ಮಾತು ಬರುತ್ತಿತ್ತು — ಅಮ್ಮ, ಬಾ, ಬಸ್ಸು...

ಜೂನ್ 11, ಬೆಳಿಗ್ಗೆ

ಅತ್ತೆ ಇವತ್ತು ಬಾಯಿಬಿಟ್ಟರು. ಮೋಹಿತ್ ಬಚ್ಚಲಲ್ಲಿ ಮೆಷಿನ್ ಒದ್ದೆ ಮಾಡಿಕೊಂಡಿದ್ದನಂತೆ. ಒರೆಸಿ, ಬಟ್ಟೆಯಲ್ಲಿ ಸುತ್ತಿ, ಒಲೆ ಮೇಲಿನ ಅಟ್ಟದಲ್ಲಿಟ್ಟರಂತೆ. ಉಪ್ಪು, ಬಿತ್ತನೆ ಬೀಜ, ಬೆಂಕಿಪೊಟ್ಟಣ — ನಮ್ಮಲ್ಲಿ ಥಂಡಿ ಹಿಡಿದದ್ದೆಲ್ಲ ಒಣಗುವುದು ಅಲ್ಲೇ.

“ಒಣಗ್ಲಿ ಅಂತ ಇಟ್ಟೆ ಕಣೆ ನಯನ. ಮಗೀನ ಕಿವಿ ನಾನೇ ಸುಟ್ಟಂಗಾಯ್ತಲ್ಲೆ...”

ಕಂಪನಿಗೆ ಇದ್ದದ್ದು ಇದ್ದ ಹಾಗೆ ಬರೆದು, ಸರಿ ಮಾಡಿಕೊಡಿ ಎಂದೆ. ನನ್ನ ಗಂಡ ಸಂತೋಷ ಇಣುಕಿ ನೋಡಿದರು.

“ಒಲೆ ಸುದ್ದಿ ಎಂತಕ್ಕೆ ಮಾರಾಯ್ತಿ? ನೀರು ಬಿತ್ತು ಅಂತ ಬರಿ, ಸಾಕು.”

“ಓದಿದೋರಿಗೆ ಅರ್ಥ ಆಗ್ಬೇಕಲ್ಲ ಮಾರಾಯ್ರೆ.”

ಅದೇ ದಿನ, ಊಟದ ಹೊತ್ತು

ಉತ್ತರ. “ಬೆಂಕಿ ಅನಾಹುತಕ್ಕೆ ವಿಷಾದಿಸುತ್ತೇವೆ. ಅಗ್ನಿಶಾಮಕ ದಳದ ಪ್ರಮಾಣಪತ್ರ ಲಗತ್ತಿಸಿ.”

ಬೆಂಕಿ ಅನಾಹುತ ಅಲ್ಲ, ಅಡುಗೆ ಒಲೆ ಎಂದು ಬರೆದೆ.

“ಅನಾಹುತ ಆಗಿಲ್ಲವೆಂದು ತಿಳಿದು ಸಂತೋಷವಾಯಿತು. ನಿಮ್ಮ ದೂರು ಮುಕ್ತಾಯಗೊಂಡಿದೆ.”

ನಗು ಬಂತು. ಗಿರಾಕಿಯೆದುರೇ ನಕ್ಕೆ. ಆಮೇಲೆ ಅವರ ಆಧಾರ್ ಪ್ರಿಂಟ್ ಸೊಟ್ಟ ಬಂತು.

ಜೂನ್ 27

ಶಿವಮೊಗ್ಗದ ಡಾಕ್ಟರ್ ಕೈಚೆಲ್ಲಿದರು. ಆ ಮೆಷಿನ್ ಕಂಪನಿಯವರದೇ ಆಗಬೇಕು, ಬೇರೆಯದು ಕೂರುವುದಿಲ್ಲ; ಹೊಸದು ಕೊಳ್ಳಲು ಲಕ್ಷಗಟ್ಟಲೆ ಬೇಕು. “ಮಾತು ಕಲಿಯೋ ವಯಸ್ಸು, ತಡ ಮಾಡ್ಬೇಡಿ” ಅಂದರು. ತಡ ಮಾಡುತ್ತಿರುವುದು ನಾನಾ?

ಕಂಪನಿಗೆ ಫೋನ್ ಮಾಡಿದರೆ ಮ್ಯೂಸಿಕ್. ಕೊನೆಗೆ “ಮೇಲ್ ಮಾಡಿ” ಎನ್ನುವ ದನಿ. ಹೊಸ ದೂರು ಬರೆದೆ, ಹೊಸ ನಂಬರ್ ಬಂತು. ಕಾಲಿಗೆ ಬೀಳುವ ಹಾಗೆ ಬರೆದೆ. ಕೊನೆಗೆ ಬಾಯಿಗೆ ಬಂದ ಹಾಗೆ ಬೈದೂ ಬರೆದೆ. “ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ.”

ಈ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಲ್ಲೂಕಿನ ಅರ್ಜಿ ನನ್ನ ಕೈಯಲ್ಲೇ ಹೋಗುವುದು. ಯಾರದೋ ಪಿಂಚಣಿ ಬರುತ್ತದೆ, ಯಾರದೋ ಪಹಣಿ ತಿದ್ದಿ ಬರುತ್ತದೆ. ನನ್ನದೊಂದು...

ಜುಲೈ 19

ಮೋಹಿತನ ಬಾಯಿಂದ “ಬಸ್ಸು” ಹೋಯಿತು. ನಿನ್ನೆಯಿಂದ “ಬಾ” ಕೂಡ ಇಲ್ಲ. “ಅಮ್ಮ” ಉಳಿದಿದೆ, ದನಿ ಒಡೆದು ಬರುತ್ತದೆ.

ಅತ್ತೆ ಊಟ ಅರ್ಧಕ್ಕೆ ಬಿಟ್ಟು ಏಳುತ್ತಾರೆ. ಮೇಲ್ ಬಂತಾ ಎಂದು ಕೇಳುವುದನ್ನೂ ಬಿಟ್ಟಿದ್ದಾರೆ.

ಆಗಸ್ಟ್ 10, ಭಾನುವಾರ, ಮಧ್ಯಾಹ್ನ

“ಅಮ್ಮ” ಕೇಳಿ ಎಷ್ಟು ದಿನವಾಯಿತೋ.

ಈಗ ಮೋಹಿತ್ ಬಂದು ಎದುರು ಕೂತ. ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದ. ಬಾಯಿ ಆಡಿಸತೊಡಗಿದ. ತುಂಬಾ ಹೊತ್ತು, ಕೈ ತಿರುವುತ್ತಾ, ಹುಬ್ಬು ಹಾರಿಸುತ್ತಾ. ದನಿಯೇ ಇಲ್ಲ. ಉಸಿರು ಮಾತ್ರ.

ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡರು.

ಮಾತೆಂದರೆ ಇಷ್ಟೇ ಅಂದುಕೊಂಡಿದ್ದಾನೆ. ನಾವೆಲ್ಲ ಅವನ ಕಣ್ಣಿಗೆ ದನಿಯಿಲ್ಲದೆ ಬಾಯಿ ಆಡಿಸುವವರು.

ಹೇಳಿ ಮುಗಿಸಿದ. ಇನ್ನೂ ಎದುರಿಗೇ ಕೂತಿದ್ದಾನೆ, ನನ್ನ ಬಾಯನ್ನೇ ನೋಡುತ್ತಾ. ಉತ್ತರ ಬೇಕು ಅವನಿಗೆ. ಬರೆಯುವುದು ಬಿಟ್ಟು, ನಾನೂ ಅವನ ಹಾಗೇ ದನಿಯಿಲ್ಲದೆ ಬಾಯಿ ಆಡಿಸುತ್ತೇನೆ.