ನಿಂತಲ್ಲೇ ಆಫ್ ಆಗುವ ಕಾರು

ಮಾರ್ಚ್ ೧೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ನೀನು, ಅಳಿಯಂದಿರು, ಪುಟ್ಟ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನನಗೆ ಮಂಡಿನೋವೊಂದನ್ನು ಬಿಟ್ಟರೆ ಬೇರೆ ದೂರಿಲ್ಲ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ತಡಮಾಡಿದೆನೆಂದು ಕೋಪಿಸಿಕೊಳ್ಳಬೇಡ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ.

ಪುಟ್ಟನ ಮೊದಲ ಹುಟ್ಟುಹಬ್ಬಕ್ಕೆ ಬಂದೇ ಬರುತ್ತೇನೆ ಎಂದಿದ್ದವನು, ಆ ಸಂಜೆ ಫೋನು ಮಾಡಿ "ಕಾರು ದಾರೀಲಿ ಕೈಕೊಡ್ತು ಕಣಮ್ಮ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ನೀನು "ಪರವಾಗಿಲ್ಲ ಬಿಡಪ್ಪ" ಅಂದೆ. ಆ ಮಾತು ನಿನ್ನ ಬಾಯಲ್ಲಿ ಎಷ್ಟು ಸಲೀಸು! ನಾನೂ ನಿನ್ನಮ್ಮನೂ ಬೇರೆಯಾದಾಗ ನಿನಗೆ ಆರು ವರ್ಷ. ತಿಂಗಳಿಗೊಮ್ಮೆ ಬರುತ್ತೇನೆಂದು ಹೇಳಿದವನು ಬಸ್ಸು ತಪ್ಪಿತು, ರಜೆ ಸಿಗಲಿಲ್ಲ ಎನ್ನುತ್ತಾ ನಿನಗೆ ಆ ಮಾತನ್ನು ಬಾಯಿಪಾಠ ಮಾಡಿಸಿಬಿಟ್ಟೆ. ಈ ಸಲ ಹಾಗಾಗಬಾರದೆಂದೇ ಕಾರು ಕೊಂಡದ್ದು.

ಕಾರಿಗೆ ಏನಾಗಿತ್ತು ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ನಮ್ಮ ಗ್ರಂಥಾಲಯದ ಗುಮಾಸ್ತರಿಗೆ ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟರು, ಅವರ ಕಾರು ನನಗೆ ಅಗ್ಗಕ್ಕೆ ಬಂತು. ನಿನಗಿಂತ ಎರಡೇ ವರ್ಷ ಚಿಕ್ಕದು. ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವನಿಗೆ ಎಂಜಿನ್ನಿನ ಗಂಧ ಎಲ್ಲಿಂದ ಬರಬೇಕು? ಮನೆಗೆ ತಂದ ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ ಬರೀ ಟಿಕ್ ಟಿಕ್. ಮೇಲಿನ ಮನೆಯ ಟೀಚರಮ್ಮ ಬಂದು ಹಿಂದಿನಿಂದ ತಳ್ಳಿದರು. ಏದುಸಿರು ಬಿಡುತ್ತಾ "ಏನ್ರೀ, ಕಾರು ತಗೊಂಡ್ರೋ, ವ್ಯಾಯಾಮ ತಗೊಂಡ್ರೋ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಮನೆಯ ಹತ್ತಿರ ನಾನು ಜೋರಾಗಿ ನಕ್ಕು ಎಷ್ಟು ಕಾಲವಾಗಿತ್ತೋ.

ಮೂಲೆಯ ಗ್ಯಾರೇಜಿನವನನ್ನು ಎಲ್ಲರೂ 'ಡಾಕ್ಟ್ರು' ಎನ್ನುತ್ತಾರೆ. ಮಿತಭಾಷಿ. ಬ್ಯಾಟರಿಯ ತುದಿಗಳಲ್ಲಿ ಬೂದಿಯಂಥ ಬಿಳಿ ಪುಡಿ ಕಟ್ಟಿದ್ದನ್ನು ತೋರಿಸಿ, "ಇದನ್ನ ನೀವೇ ಬಿಸಿನೀರು ಹಾಕಿ ಉಜ್ಜಿ ಸಾರ್" ಎಂದ. ಉಜ್ಜಿದೆ. ಎಂಜಿನ್ ಗಿರಗಿರನೆ ತಿರುಗಿತು, ಆದರೆ ಹತ್ತಿಕೊಳ್ಳಲು ಐದು ನಿಮಿಷ. ಹತ್ತಿದ ಮೇಲೂ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಒಮ್ಮೆ ಮೈ ನಡುಗಿಸಿ ಸುಮ್ಮನಾಗುತ್ತಿತ್ತು. ಓಡುವಾಗ ಗಟ್ಟಿ, ನಿಂತರೆ ಕೆಟ್ಟಿತು. ಸಿಗ್ನಲ್ ಕೆಂಪಾದಾಗಲೆಲ್ಲ ಮತ್ತೆ ಕೀಲಿ ತಿರುಗಿಸುತ್ತಾ ಕೂರುತ್ತಿದ್ದೆ.

ನಾನು ಬುದ್ಧಿವಂತಿಕೆ ತೋರಿಸಿ, ಗಾಡಿ ನಿಂತಾಗ ಎಂಜಿನ್ ಎಷ್ಟು ತಿರುಗಬೇಕೆಂದು ಹೊಂದಿಸುವ ಐಡ್ಲಿಂಗ್ ಸ್ಕ್ರೂ ತಿರುವಿ ವೇಗ ಏರಿಸಿದೆ. ಕಾರು ನಿಂತಲ್ಲೇ ಗರ್ಜಿಸತೊಡಗಿತು. ಡಾಕ್ಟ್ರು ಬೀದಿಯ ಆ ತುದಿಯಿಂದಲೇ ಕೇಳಿಸಿಕೊಂಡು ಬಂದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ ಸಾರ್! ಮೊದ್ಲು ಅದನ್ನ ಇದ್ದ ಹಾಗೆ ಮಾಡಿ. ಒಂದು ಸಲಕ್ಕೆ ಒಂದೇ ನೋಡಿ. ಎಲ್ಲಾ ಒಟ್ಟಿಗೆ ಬಿಚ್ಚಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ."

ಅಲ್ಲಿಂದ ಪ್ರತಿ ಭಾನುವಾರ ನನಗೊಂದು ಕೆಲಸವಾಯಿತು. ಒಂದು ವಾರ ಮಸಿ ಹಿಡಿದ ಪ್ಲಗ್ಗುಗಳನ್ನು ಬದಲಾಯಿಸಿದೆ. ಬೆಳಿಗ್ಗೆ ಬೇಗ ಹತ್ತಿಕೊಳ್ಳತೊಡಗಿತು, ನಿಂತಾಗ ಮಾತ್ರ ಹಳೇ ಚಾಳಿ. ಮುಂದಿನ ವಾರ ಏರ್ ಫಿಲ್ಟರ್ ತೆಗೆದು ಬಡಿದೆ, ಹಿಡಿ ಧೂಳು ಉದುರಿತು. ಚಾಳಿ ಬಿಡಲಿಲ್ಲ. ನಿಜ ಹೇಳಲೇ? ನನಗೆ ಬೇಸರವೇನೂ ಆಗುತ್ತಿರಲಿಲ್ಲ. ಭಾನುವಾರ ನನ್ನ ಮನೆಯ ಬಾಗಿಲು ತಟ್ಟುವವರಿಲ್ಲ. ಬಾನೆಟ್ ಎತ್ತಿ ನಿಂತರೆ ಮಾತ್ರ ಹೋಗುವವರು ಬರುವವರೆಲ್ಲ ನಿಂತು "ಏನಾಯ್ತು?" ಎನ್ನುತ್ತಾರೆ. ಯಾರಾದರೂ ಬಂದು ನನಗೆ ಏನಾಯಿತೆಂದು ಕೇಳಿದಂತೆಯೇ ಇರುತ್ತಿತ್ತು.

ಮೂರನೆಯ ವಾರ ಎಂಜಿನ್ ಓಡುತ್ತಿರುವಾಗ ಕಿವಿ ಹತ್ತಿರ ಹಿಡಿದೆ. ಎಲ್ಲೋ ಸಣ್ಣಗೆ ಸುಸ್ ಎನ್ನುತ್ತಿತ್ತು. ಕಾರ್ಬುರೇಟರಿನ ಕೆಳಗಡೆ ಬೆರಳು ದಪ್ಪದ ರಬ್ಬರ್ ಕೊಳವೆ. ಅದರ ಹೊಟ್ಟೆಯಲ್ಲಿ ಸೀಳು. ಒಳಗೆ ಹೋಗಬಾರದ ಗಾಳಿ ಅಲ್ಲಿಂದ ನುಗ್ಗುತ್ತಿತ್ತು. ಬೆರಳಿಂದ ಒತ್ತಿ ಹಿಡಿದೆ ನೋಡು, ಎಂಜಿನ್ ನಡುಕ ಬಿಟ್ಟು, ನಿದ್ದೆ ಹತ್ತಿದ ಮಗುವಿನ ಉಸಿರಿನಂತೆ ಒಂದೇ ಸಮ ಆಯಿತು. ಬೆರಳು ತೆಗೆಯಲು ಮನಸ್ಸಾಗದೆ ತುಂಬ ಹೊತ್ತು ಹಾಗೇ ಬಾಗಿ ನಿಂತಿದ್ದೆ. ಆಮೇಲೆ ಪುಸ್ತಕದ ಬೆನ್ನಿಗೆ ಹಚ್ಚುವ ಬಟ್ಟೆಪಟ್ಟಿಯನ್ನು ಅಂಟು ಬಳಿದು ಸುತ್ತಿದೆ. ಡಾಕ್ಟ್ರು ನೋಡಿ, "ಕಾರಿಗೂ ರಟ್ಟು ಹಾಕಿಬಿಟ್ರಾ ಸಾರ್?" ಎಂದು ಹೊಟ್ಟೆ ಹಿಡಿದು ನಕ್ಕ. ಆ ಗುರುವಾರ ಹೊಸ ಕೊಳವೆ ಹಾಕಿಕೊಟ್ಟ.

ಕಾರಿನ ಕಥೆ ಇಷ್ಟು. ಅಳಿಯಂದಿರಿಗೆ ನನ್ನ ನಮಸ್ಕಾರ. ನಿನ್ನಮ್ಮನಿಗೂ ಅವರ ಯಜಮಾನರಿಗೂ ಕೇಳಿದೆನೆಂದು ಹೇಳು. ಪುಟ್ಟನ ಕೆನ್ನೆಗೊಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಸುಖವಾಗಿರು ಮಗಳೇ.

ನಿನ್ನ,
ಅಪ್ಪ

ಮ.ವಿ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಡಾಕ್ಟ್ರು ಕೊಳವೆ ಹಾಕಿದ ಗುರುವಾರ, ಹುಟ್ಟುಹಬ್ಬಕ್ಕೆ ಮೂರು ದಿನ ಮುಂಚಿನದು. ಆ ಭಾನುವಾರ ಕಾರು ಎಲ್ಲೂ ಕೈಕೊಡಲಿಲ್ಲ. ನಾಲ್ಕು ಗಂಟೆ ಓಡಿ ನಿನ್ನ ಮನೆಯ ಎದುರಿಗೇ ಬಂದು ನಿಂತಿತು. ಗೇಟು ತೆರೆದಿತ್ತು. ಅಂಗಳದಲ್ಲಿ ನಿನ್ನಮ್ಮನ ಯಜಮಾನರು ಮಂಡಿಯೂರಿ ಕೂತಿದ್ದರು, ಪುಟ್ಟ ಅವರ ಭುಜ ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದ. ನೀನು ಬಾಗಿಲಿಗೆ ಬಂದು, "ಅಪ್ಪಾ, ಬಾ ಒಳಗೆ, ಎಲ್ಲಾ ಕಾಯ್ತಿದ್ದಾರೆ!" ಎಂದು ಕೂಗಿದೆ. ನಾನು ಕಾರಿನೊಳಗಿನಿಂದ "ಬಂದೆ ಮಗಳೇ" ಎಂದೆ. ಡೋರಿನ ಮೇಲೆ ಕೈ ಕೂಡ ಇಟ್ಟಿದ್ದೆ. ಅಷ್ಟರಲ್ಲಿ ಅವರು ಪುಟ್ಟನನ್ನು ಎತ್ತಿಕೊಂಡು ಎದ್ದರು.

ಅವರು ನಿನ್ನನ್ನು ಸಾಕಿದವರು. 'ಅಪ್ಪಾ' ಎಂಬ ಆ ಕರೆ ಅವರದ್ದೇ. ನನಗೆ ಅವರ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಎಂಜಿನ್ ಆಫ್ ಆಗಲಿ, ಯಾರಾದರೂ ತಳ್ಳಲು ಬಂದು ನನ್ನನ್ನು ನೋಡಲಿ ಎಂದು ಕಾದೆ. ಅದು ಒಂದಿಷ್ಟೂ ನಡುಗಲಿಲ್ಲ. ಗಾಡಿ ತಿರುಗಿಸಿಕೊಂಡು ಬಂದೆ.

ಬರುವ ಭಾನುವಾರ ಹನ್ನೊಂದು ಗಂಟೆಗೆ ಬರುತ್ತೇನೆ. ಈ ಸಲ ಇಳಿಯುತ್ತೇನೆ. ಏನಂತ ಕರೆದರೂ ಓಗೊಡುತ್ತೇನೆ ಮಗಳೇ, ಕರೆದರೆ ಸಾಕು.