ಇಳಿಸಿದ ತಂತಿಗಳು

ತಾರೀಖು ೧೪, ಸೋಮವಾರ, ಮಧ್ಯಾಹ್ನ

ನನ್ನಷ್ಟೇ ಉದ್ದ ನಾಲಿಗೆಯ ಮೊಮ್ಮಗಳಿಗೆ,

ಅಜ್ಜಿಯ ಪ್ರೀತಿ. ಇಲ್ಲಿ ಎಲ್ಲರೂ ಉಸಿರಾಡುತ್ತಿದ್ದೇವೆ. ಕ್ಷೇಮ ಎಂದು ಬರೆದರೆ ಪೆನ್ನಿಗೇ ನಾಚಿಕೆಯಾದೀತು. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಕಾಗದ ಬರೆಯುವುದು ತಡವಾಯಿತು, ಬೈದುಕೋ. ನನ್ನ ನಾಲ್ಕನೇ ಕ್ಲಾಸಿನ ಅಕ್ಷರ ನಿನಗೆ ಗೊತ್ತಲ್ಲ, ಒಂದು ಸಾಲು ಮುಗಿಯುವಷ್ಟರಲ್ಲಿ ಹೇಳಬೇಕಾದದ್ದು ಹಳಸಿಹೋಗಿರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗದು. ಮುದುರಿ ಎಸೆದರೂ ಮೂಲೆಯಲ್ಲಿ ಬಿದ್ದುಕೊಂಡು ನಿನ್ನನ್ನೇ ನೋಡುತ್ತಿರುತ್ತದೆ.

ಮನೆಯ ಸುದ್ದಿ ಹೇಳುತ್ತೇನೆ. ನಿನ್ನ ಅಮ್ಮ ಹೊಲಿಗೆ ಮತ್ತೆ ಶುರುಮಾಡಿದ್ದಾಳೆ, ಆದರೆ ಕಿಟಕಿಯ ಪರದೆ ಮಾತ್ರ. ಅಂಗಿಯಾದರೆ ಅಳತೆ ತೆಗೆಯುವಾಗ ಯಾರದೋ ಮಗನ ಭುಜ ಮುಟ್ಟಬೇಕಲ್ಲ, ಅದು ಅವಳಿಂದಾಗದು. ನಿನ್ನ ಅಪ್ಪ ಶೆಡ್ಡಿನ ಶಟರನ್ನು ಅರ್ಧ ಎತ್ತಿ ಕೂರುತ್ತಾನೆ. ಪಂಕ್ಚರ್ ಹಾಕುತ್ತಾನೆ, ಆಯಿಲ್ ಬದಲಿಸುತ್ತಾನೆ. ಯಾರಾದರೂ "ಬ್ರೇಕ್ ಸ್ವಲ್ಪ ನೋಡಿ" ಅಂದರೆ "ಮುಂದಿನ ಬೀದಿಗೆ ಹೋಗಿ" ಅನ್ನುತ್ತಾನೆ. ಊರಿನ ಅರ್ಧ ಸ್ಕೂಟರುಗಳಿಗೆ ಬ್ರೇಕ್ ಕಟ್ಟಿದ ಕೈ ಅದು. ನಿನ್ನ ತಮ್ಮನ ಗಾಡಿಯ ಬ್ರೇಕಿಗೆ ಬೆಳಿಗ್ಗೆ ಹೊಸ ಕೇಬಲ್ ಹಾಕಿ ಕಳಿಸಿದ, ಸಂಜೆ ಇಳಿಜಾರಿನ ತಿರುವಿನಲ್ಲಿ ಅದು ನಿಲ್ಲಲಿಲ್ಲ. ಹೆಣ ಇನ್ನೂ ಮನೆಯಲ್ಲಿರುವಾಗಲೇ ಅಷ್ಟು ಜನರೆದುರು ನೀನು "ನೀವು ಕಟ್ಟಿದ ಬ್ರೇಕೇ ನನ್ನ ತಮ್ಮನ್ನ ತಿಂದುಹಾಕ್ತು" ಅಂದೆ. ಹೋದವಳು ಮತ್ತೆ ಬರಲಿಲ್ಲ. ನಿನ್ನ ಅಪ್ಪ ಎದುರಾಡಲಿಲ್ಲ, ಯಾಕೆಂದರೆ ಅವನೂ ಹಾಗೆಯೇ ನಂಬಿದ್ದ.

ಈಗ ಬರೆಯಬೇಕಾದದ್ದಕ್ಕೆ ಬರುತ್ತೇನೆ. ಹೋದ ವಾರ ಕೊಕ್ಕರೆ ಬಂದಿದ್ದ. ಅದೇ, ನಿನ್ನ ತಮ್ಮನ ಜೊತೆ ಗಿಟಾರ್ ನುಡಿಸುತ್ತಿದ್ದ ಉದ್ದ ಕಾಲಿನವನು. ನಿನ್ನ ಅಮ್ಮನೇ ಕರೆಸಿದ್ದಳು.

"ಅವನ ಗಿಟಾರ್ ತಗೊಂಡು ಹೋಗಪ್ಪ" ಅಂದಳು. "ಕಸ ಗುಡಿಸುವಾಗ ಪೊರಕೆ ತಾಗಿದ್ರೆ ದನಿ ಮಾಡುತ್ತೆ. ಪ್ರತಿ ಸಲ ತಿರುಗಿ ನೋಡ್ತೀನಿ."

ಗಿಟಾರ್ ಕೈಗೆ ಸಿಕ್ಕಿದರೆ ಸಾಕು, ಮೊದಲು ಅದರ ಕಿವಿ ತಿರುಚುವುದು ಈ ಹುಡುಗರ ಚಾಳಿ. ಏನು ನುಡಿಯುತ್ತದೆ ಎಂದು ಕೇಳುವ ಮೊದಲೇ ದಪ್ಪ ತಂತಿಯನ್ನು ಬಿಗಿದ. ಅದರ ಪಕ್ಕದ ಎರಡು ಸರಿಯಾಗಿದ್ದವಂತೆ, ಬಿಟ್ಟ. ಮುಂದಿನದನ್ನು ಬಿಗಿದ. ಕೊನೆಯ ಎರಡಕ್ಕೆ ಬಂದವನು ಬೆಂಕಿ ಮುಟ್ಟಿದವನ ಹಾಗೆ ಕೈ ತೆಗೆದ.

"ಅಜ್ಜಿ, ಇವೆರಡೂ ಒಂದೇ ಅಳತೆಗೆ ಇಳಿದಿವೆ. ಇದು ತಾನಾಗಿ ಸಡಿಲ ಆಗಿದ್ದಲ್ಲ. ಅವನೇ ಬೇಕಂತ ಇಳಿಸಿಟ್ಟಿದ್ದಾನೆ. ನಾನು ಕೆಡಿಸಿಬಿಟ್ಟೆ."

"ಮಾಡೋದು ಮಾಡಿ ಆಮೇಲೆ ಕಿವಿ ಕೊಡೋದು. ಕಾಲಿಗೆ ಬೆಳೆದದ್ದರಲ್ಲಿ ಸ್ವಲ್ಪ ತಲೆಗೆ ಬೆಳೆದಿದ್ರೆ ಏನು ಹೋಗ್ತಿತ್ತು?" ಅಂದೆ.

ನಿನ್ನ ಅಮ್ಮ ಮಾತ್ರ ಬೈಯಲಿಲ್ಲ. "ಅವನು ಹೇಗೆ ಬಿಟ್ಟಿದ್ದನೋ ಹಾಗೇ ಮಾಡಿಕೊಡು" ಅಂದಳು, ಅಷ್ಟೇ.

ಪಾಪ, ಹುಡುಗ ಸಂಜೆ ಸಂಜೆ ಬಂದು ಹೊಲಿಗೆ ಮಷೀನಿನ ಪಕ್ಕ ಕೂತ. ಒಂದು ತಂತಿ ಇಳಿಸುವುದು, ಮೀಟುವುದು, ಮುಖ ಹುಳ್ಳಗೆ ಮಾಡುವುದು. ಮೊದಮೊದಲು ಅಟ್ಟದಿಂದ ಪಾತ್ರೆ ಉರುಳಿದ ಹಾಗಿತ್ತು. ತಾನು ಮುಟ್ಟದೆ ಉಳಿದ ತಂತಿಗಳನ್ನೇ ಸಾಕ್ಷಿ ಕೇಳುತ್ತಾ, ಅವುಗಳ ಜೊತೆ ಜಗಳವಾಡದ ಜಾಗ ಸಿಗುವವರೆಗೆ ತಾನು ಬಿಗಿದ ಎರಡನ್ನು ಏರಿಸಿ ಇಳಿಸಿ ನೋಡಿದ. ನಿನ್ನೆ ಸಂಜೆ ದಪ್ಪನೆಯದನ್ನು ಚೆನ್ನಾಗಿ ಇಳಿಸಿ, ಇನ್ನೊಂದನ್ನು ಕೂದಲೆಳೆಯಷ್ಟು ಇಳಿಸಿ, ಆರನ್ನೂ ಒಟ್ಟಿಗೆ ಸವರಿದ. ಒಂದು ಕೋಣೆಯಲ್ಲಿ ಮಲಗಿದ ಆರು ಜನ ಒಂದೇ ಕೂಗಿಗೆ "ಹೂಂ" ಅಂದ ಹಾಗಾಯಿತು. ಅವನ ಎಡಗೈ ಮಾತ್ರ ಮಂಡಿಯ ಮೇಲೆ ಸುಮ್ಮನೆ ಬಿದ್ದಿತ್ತು.

ನಿನ್ನ ಅಮ್ಮ ಮಷೀನ್ ನಿಲ್ಲಿಸಿದಳು. "ಇದೇ. ಕೊನೆಕೊನೆಗೆ ಇದನ್ನೇ ನುಡಿಸ್ತಿದ್ದ."

"ಇದಕ್ಕೆ ಓಪನ್ ಟ್ಯೂನಿಂಗ್ ಅಂತಾರೆ ಅಜ್ಜಿ" ಅಂದ ಕೊಕ್ಕರೆ. "ತಂತಿ ಒತ್ತೋದೇ ಬೇಡ. ಹಾಗೇ ಮೀಟಿದ್ರೆ ಎಲ್ಲಾ ಕೂಡಿಕೊಳ್ಳುತ್ತೆ. ಬೇರೆ ಸ್ವರ ಬೇಕಾದ್ರೆ ಇದನ್ನ ಮೇಲಿಟ್ಟು ಜಾರಿಸಿದ್ರಾಯ್ತು." ಗಿಟಾರಿನ ಚೀಲದಿಂದ ತಾಮ್ರದ ಕೊಳವೆಯ ತುಂಡೊಂದನ್ನು ತೆಗೆದು ಬೆರಳಿಗೆ ಹಾಕಿ ತೋರಿಸಿದ. ಶೆಡ್ಡಿನದೇ ಕೊಳವೆ, ಅಂಚು ಉಜ್ಜಿ ನುಣುಪು ಮಾಡಿತ್ತು.

ನನಗೆ ಸಂಗೀತ ಗೊತ್ತಿಲ್ಲ, ಮನುಷ್ಯರು ಗೊತ್ತು. "ಅಂದ್ರೆ ಎಡಗೈಲಿ ಶಕ್ತಿ ಇಲ್ಲದವರೂ ನುಡಿಸಬಹುದು ಅನ್ನು" ಅಂದೆ.

ಅವನು ಬೆರಳಿನಿಂದ ಕೊಳವೆ ತೆಗೆದು ಚೀಲಕ್ಕೆ ಹಾಕಿದ. ಆಮೇಲೆ ಮೆಲ್ಲಗೆ ಹೇಳಿದ. "ಹೊಸ ಥರ ಹುಡುಕ್ತಿದ್ದೀನಿ ಅಂದಿದ್ದ ಅಜ್ಜಿ. ನಾವು ಸೋಮಾರಿ ಅಂತ ರೇಗಿಸ್ತಿದ್ವಿ. ಆದ್ರೆ ಅಂಗಿಯ ಬಲತೋಳಿನ ಗುಂಡಿ ನನ್ನ ಕೈಲಿ ಹಾಕಿಸಿಕೊಳ್ತಿದ್ದ. ಎಡಗೈ ಜೋಮು ಹಿಡಿದಿದೆ ಅಂತ. ದಿನಾ ಜೋಮು."

ನಿನ್ನ ಅಪ್ಪ ಕೈ ತೊಳೆದು ಬಾಗಿಲಲ್ಲಿ ನಿಂತಿದ್ದು ನಮಗೆ ತಿಳಿದಿರಲಿಲ್ಲ.

"ಕೇಬಲ್ ಬದಲಿಸಿದ್ದು ಯಾಕೆ ಗೊತ್ತಾ ಅಮ್ಮ?" ಅಂದ. "ಎಡಗೈ ಬ್ರೇಕ್ ತುಂಬಾ ಗಟ್ಟಿ, ಒತ್ತಕ್ಕಾಗಲ್ಲ ಅಂದ. ನಾನು ಒತ್ತಿ ನೋಡಿದೆ, ಬೆಣ್ಣೆ ಥರ ಇತ್ತು. ಆದ್ರೂ ಅವನ ಸಮಾಧಾನಕ್ಕೆ ಹೊಸದು ಹಾಕಿದೆ." ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತಿದ್ದ. "ಬ್ರೇಕ್ ಸರಿ ಇತ್ತಮ್ಮ."

ಅಷ್ಟೇ ಕಣೇ. ಬ್ರೇಕ್ ಸರಿ ಇತ್ತು, ಒತ್ತುವ ಕೈ ಇರಲಿಲ್ಲ. ಬಲಗೈಯ ಬ್ರೇಕೊಂದೇ ಆ ಇಳಿಜಾರಿಗೆ ಸಾಲಲಿಲ್ಲ. ಅದೇನು ರೋಗವೋ ಇನ್ನು ಯಾವ ಡಾಕ್ಟರೂ ಹೇಳಲಾರ. ಮುಳ್ಳು ಚುಚ್ಚಿದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದ ಕಳ್ಳ, ಕೈ ಹೋಗುತ್ತಿರುವುದನ್ನು ಆರು ತಂತಿಯ ಹಿಂದೆ ಬಚ್ಚಿಟ್ಟುಕೊಂಡ. ಸಿಕ್ಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಸಿಗುವುದಿಲ್ಲವಲ್ಲ, ಅದಕ್ಕೇ ಕಾಗದದ ಮೇಲೆ ಬೈಯುತ್ತಿದ್ದೇನೆ.

ಗಿಟಾರನ್ನು ನಿನ್ನ ಅಮ್ಮ ಕೊಡಲಿಲ್ಲ. ಕೊಕ್ಕರೆಯೂ ಕೇಳಲಿಲ್ಲ.

ಮೈ ಕೈ ಗಟ್ಟಿಯಾಗಿರಲಿ ಮಗಳೇ. ನನ್ನ ಆಯಸ್ಸಿನಲ್ಲಿ ಉಳಿದ ಚೂರುಪಾರು ನಿನಗೇ ಸೇರಲಿ. ಯಾರ ಹತ್ತಿರವೂ ನೋವು ಮುಚ್ಚಿಡಬೇಡ, ನಿನ್ನ ಹತ್ತಿರವಂತೂ ಬೇಡವೇ ಬೇಡ.

ಇಂತಿ,
ನಿನ್ನ ಅಜ್ಜಿ

ಮತ್ತೆ: ಇದು ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಕೆಳಗೆ ತಳ್ಳಿದ್ದು. ನಾನು ಪೆನ್ನು ಹಿಡಿದದ್ದು ಕಂಡು ನಿನ್ನ ಅಪ್ಪ ಯಾರಿಗೆಂದು ಕೇಳಿದ. "ನಿನ್ನ ಮಗಳಿಗೆ, ತಪ್ಪು ನಿನ್ನದಲ್ಲ ಅಂತ" ಅಂದೆ. "ಬೇಡಮ್ಮ" ಅಂದ. "ಅವನು ಅಕ್ಕನ ಹತ್ರ ಏನೂ ಮುಚ್ಚಿಡ್ತಿರಲಿಲ್ಲ. ಕೈ ವಿಷಯ ಹೇಳಿರ್ತಾನೆ. ಅವಳು ನಕ್ಕು ಸುಮ್ಮನಾಗಿರ್ತಾಳೆ. ಈಗ ಇದು ಗೊತ್ತಾದ್ರೆ ನನ್ನ ತಲೆ ಮೇಲಿರೋದು ಅವಳ ತಲೆಗೆ ಹೋಗುತ್ತೆ. ನನಗೆ ರೂಢಿಯಾಗಿದೆ, ಇಲ್ಲೇ ಇರಲಿ ಬಿಡು." ಅವನ ಮಾತು ಮೀರಿ ಇದನ್ನು ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ. ನೀನು ನನಗೆ ಮೊಮ್ಮಗಳಾದರೆ ಅವನು ನನಗೆ ಮಗ. ತಮ್ಮ ನಿನಗೆ ಹೇಳಿದ್ದನೇ? ಹೇಳಿದ್ದರೆ ಉತ್ತರವನ್ನು ನನಗೆ ಬರೆಯಬೇಡ, ಅಪ್ಪನಿಗೆ ಬರೆ. ಆ ಭಾರ ಹೊತ್ತುಕೊಂಡು ಬೆಳಿಗ್ಗೆ ಏಳುವುದು ಹೇಗೆಂದು ಅವನೊಬ್ಬನಿಗೆ ಗೊತ್ತು.