ಬೆಗಿಮಾಯ್‌ಗೆ ಕೇಳುವ ಹೆಂಗಸರು

ನರೀನ್, ನವೆಂಬರ್ ೧೨

ಬೆಗಿಮಾಯ್‌ಳ ಅಪ್ಪನಿಗೆ, ಪ್ರೀತಿಯಿಂದ,

ಸೊಂಟದ ನೋವು ಹೇಗಿದೆ? ಮಾಸ್ಕೋದ ಚಳಿಯಲ್ಲಿ ಇಟ್ಟಿಗೆ ಹೊರುವಾಗ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳಿ, ಶೋಕಿ ಬೇಡ. ನಾನು ಗಟ್ಟಿಯಾಗಿದ್ದೇನೆ. ಅತ್ತೆಯೂ ಗಟ್ಟಿ, ಅವರ ನಾಲಿಗೆ ಇನ್ನೂ ಗಟ್ಟಿ. ಮಗಳ ವಿಷಯ ಬರೆದೇ ತಿಳಿಸಬೇಕು; ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ.

ಮೇ ತಿಂಗಳಲ್ಲಿ ಆ ಮನೆಯವರು ಅವಳನ್ನು ಶಾಲೆಯ ದಾರಿಯಲ್ಲಿ ಕಾರಿಗೆ ತುಂಬಿಕೊಂಡು ಹೋಗಿ ಸೊಸೆ ಮಾಡಿಕೊಳ್ಳಲು ನೋಡಿದರಲ್ಲ, ನಾನು ನುಗ್ಗಿ ಎಳೆದು ತಂದೆನಲ್ಲ, ಅಂದಿನಿಂದ ಅವಳಿಗೆ ದನಿಗಳು ಕೇಳುತ್ತಿವೆ. ಮೂಲೆಯಲ್ಲಿ ಹೆಂಗಸರು ಕೂತಿದ್ದಾರೆ ಎನ್ನುತ್ತಾಳೆ. ಹದಿನಾರರ ಹುಡುಗಿ, ಉಣ್ಣುತ್ತಾ ಉಣ್ಣುತ್ತಾ ಕಿವಿ ಮುಚ್ಚಿಕೊಳ್ಳುತ್ತಾಳೆ. ನಿಮ್ಮ ಅಮ್ಮನಿಗೋ ಹಿಗ್ಗು! "ಹಿರಿಯರು ಕರೀತಿದಾರೆ ಕಣೇ, ನಮ್ಮ ವಂಶದಲ್ಲಿ ಇನ್ನೊಬ್ಬಳು ಮಂತ್ರಗಾತಿ ಆಗ್ತಾಳೆ. ಬೇಡ ಅಂದ್ರೆ ಮೈ ಮುರಿದು ಹಾಕ್ತಾರೆ." ನನ್ನ ಮಾತು ಯಾರು ಕೇಳಬೇಕು? ಬೆಟ್ಟದ ಮೇಲಿನ ಸಂತರ ಸಮಾಧಿಗೆ ಅವಳನ್ನು ಎಳೆದೊಯ್ದರು. ದೀಕ್ಷೆ ಕೊಡುವ ಮುದುಕಿ ತಲೆಗೆ ಬಿಳಿ ವಸ್ತ್ರ ಹೊದೆಸಿದ್ದೇ ತಡ, ಮಗು ಚೀರಿದ ಚೀರಿಗೆ ಕಟ್ಟಿದ ಕುದುರೆ ಹಗ್ಗ ಹರಿದುಕೊಂಡಿತು. "ನೋಡು, ಹಿರಿಯರು ಮೈದುಂಬಿದ್ರು!" ಎಂದು ಅತ್ತೆ ಪ್ರಾರ್ಥನೆಗೆ ಅಂಗೈ ಎತ್ತಿದರು.

ಮರುದಿನವೇ ಅವಳನ್ನು ಬಿಷ್ಕೆಕ್‌ಗೆ ಕರೆದುಕೊಂಡು ಹೋದೆ. ಅಲ್ಲಿನ ಮನೋವೈದ್ಯೆ ಮೊದಲು ಕೇಳಿದ್ದು, "ಆ ಹೆಂಗಸರು ಏನಂತಾರಮ್ಮಾ?" ನಮ್ಮಲ್ಲಿ ಒಬ್ಬರಾದರೂ ಇದನ್ನು ಕೇಳಿದ್ದೆವೇ? ಬೆಗಿಮಾಯ್ ನೆಲ ನೋಡುತ್ತ ಹೇಳಿದಳು: "'ಕೂತ್ಕೊ, ಮುಸುಕು ಹಾಕ್ಕೊ. ನಾವೂ ಅತ್ಕೊಂಡೇ ಬಂದೋರು, ಹೊಂದ್ಕೊ. ಹೊಸ್ತಿಲಿಗೆ ಅಡ್ಡ ಈ ಮನೆ ಅಜ್ಜಿ ಮಲಗವಳೆ, ದಾಟಿದ್ರೆ ಶಾಪ ತಟ್ತದೆ' ಅಂತಾರೆ." ಯಾವ ಹಿರಿಯರು? ಯಾವ ಕರೆ? ಆ ಮನೆಯಲ್ಲಿ ಅವಳ ಕೈಕಾಲು ಅದುಮಿ ತಲೆಗೆ ಮದುಮಗಳ ಬಿಳಿ ಮುಸುಕು ಹೊದೆಸಿದ ಹೆಂಗಸರೇ ಅವರು!

ಇದು ಆ ಪೆಟ್ಟಿನ ದನಿಯೋ, ಚಿತ್ತದ ಬೇರೆ ಕಾಯಿಲೆಯೂ ಶುರುವಾಗಿದೆಯೋ ತಿಳಿಯಲು ಸಮಯ ಬೇಕು ಎಂದರು ಡಾಕ್ಟರು. ಯಾವುದೇ ಆಗಿದ್ದರೂ ಚಿಕಿತ್ಸೆ ಇದೆಯಂತೆ. ಮಾತ್ರೆ ಕೊಡುತ್ತಿದ್ದೇನೆ, ಮಾತಾಡಿಸಲು ತಿಂಗಳಿಗೊಮ್ಮೆ ಕರೆದೊಯ್ಯುತ್ತೇನೆ. ಹುಚ್ಚಿ ಎನ್ನುವವರು ನನ್ನೆದುರು ಬಂದು ಅನ್ನಲಿ. ದನಿಗಳು ನಿಂತಿಲ್ಲ. ಆದರೆ ನಿನ್ನೆ ಅವಳು ಕಿವಿ ಮುಚ್ಚಲಿಲ್ಲ, "ಅಮ್ಮನ ಕೈ ಹಿಡ್ಕೊಂಡು ದಾಟ್ದೆ ಕಣ್ರೇ, ಹೋಗ್ರೇ!" ಎಂದು ಮೂಲೆಯತ್ತ ಗದರಿದಳು.

ಜೊತೆಗಾರರಿಗೆಲ್ಲ ನನ್ನ ಸಲಾಂ ಹೇಳಿ. ನಿಮ್ಮ ಮೈ ಹುಷಾರಾಗಿರಲಿ.

ಕಾಲಿಪಾ

ತಾ.ಕ.: ಆ ಮನೆಯವರು ಕುರಿ ಹಿಡಿದುಕೊಂಡು ರಾಜಿಗೆ ಬಂದಿದ್ದರು. ನೀವು ಫೋನಿನಲ್ಲಿ ಒಪ್ಪಿದ್ದೀರಂತೆ. ಕುರಿಯನ್ನೂ ಅವರನ್ನೂ ಅಟ್ಟಿದೆ. ಪೊಲೀಸರಿಗೆ ದೂರು ಕೊಟ್ಟಾಗಿದೆ. ಮಗಳ ಪಕ್ಕ ನಿಲ್ಲಲು ಬರುವುದಾದರೆ ಇಂದೇ ಹೊರಡಿ. ರಾಜಿಗಾದರೆ ಅಲ್ಲೇ ಇರಿ. ಹೊಂದಿಕೋ ಎನ್ನುವವರು ಅವಳ ಮೂಲೆಯಲ್ಲಿ ಈಗಾಗಲೇ ಸಾಕಷ್ಟು ಜನ ಕೂತಿದ್ದಾರೆ.